ಬೀಗರ ನಿದ್ದೆ

ಹೊಸ ಜಾಗದಲ್ಲಿ ಮಲಗಬೇಕಾಗಿ ಬಂದರೆ ಎಲ್ಲರೂ ಮೊದಲು ಹಾಸಿಗೆ ನೋಡುತ್ತಾರೆ. ಸ್ವಲ್ಪ ಮಡಿಯ ಜನ ಬಚ್ಚಲು ನೋಡುತ್ತಾರೆ. ನಾನು ಕಿಟಕಿ ನೋಡುತ್ತೇನೆ. ಕಿಟಕಿಯಾಚೆ ಏನಿದೆ, ರಾತ್ರಿಯಾದ ಮೇಲೆ ಅದು ಹೇಗೆ ಕೂಗಬಹುದು ಎಂದು ಅಂದಾಜು ಮಾಡುತ್ತೇನೆ. ಅಲ್ಲೊಂದು ನಾಯಿ ಮಲಗಿದ್ದರೆ, ಈಗ ಮಲಗಿದೆ ಅಂದಮೇಲೆ ರಾತ್ರಿ ಎದ್ದಿರುತ್ತದೆ ಎಂದು ಗಾಬರಿಯಾಗುತ್ತದೆ. ಸದ್ದು ಬಂದಮೇಲೆ ನಿದ್ದೆ ಕೆಡುವವರು ಬೇಕಾದಷ್ಟು ಜನ ಇದ್ದಾರೆ. ಸದ್ದು ಬಂದೀತು ಎಂದೇ ನಿದ್ದೆ ಕೆಡಿಸಿಕೊಳ್ಳುವವನು ನಾನು. ನನ್ನ ಹೆಂಡತಿ ಶಾರದೆ, "ನಿಮಗಿರೋದು ಕಿವಿ ಅಲ್ಲ ಕಣ್ರೀ, ಪಂಚಾಂಗ" ಅನ್ನುತ್ತಾಳೆ.

ಸದ್ದಿನ ವಿಷಯದಲ್ಲಿ ಮನುಷ್ಯನಷ್ಟು ಪಕ್ಷಪಾತಿ ಇನ್ನೊಬ್ಬನಿಲ್ಲ. ನಮ್ಮ ಮನೆಯ ಗ್ರೈಂಡರು ತಿರುಗಿದರೆ ಅದು ದೋಸೆಯ ಸೂಚನೆ, ಪಕ್ಕದ ಮನೆಯದು ತಿರುಗಿದರೆ ಗಲಾಟೆ. ನಮ್ಮ ಮಗು ಅತ್ತರೆ ಹಸಿವು, ಬಸ್ಸಿನಲ್ಲಿ ಬೇರೆಯವರ ಮಗು ಅತ್ತರೆ ತಾಯಿಗೆ ಮಗುವನ್ನು ನೋಡಿಕೊಳ್ಳಲು ಬರುವುದಿಲ್ಲ. ಋಷಿಗಳು ಮೌನ ಹುಡುಕಿಕೊಂಡು ಕಾಡಿಗೆ ಹೋದರಂತೆ. ಜೀರುಂಡೆಗಳ ನಡುವೆ ಒಂದು ರಾತ್ರಿ ಕಳೆದವರು ಈ ಮಾತನ್ನು ನಂಬುವುದು ಕಷ್ಟ. ಬಹುಶಃ ಅವರು ಹೆಂಡತಿಯ ಮಾತಿನಿಂದ ತಪ್ಪಿಸಿಕೊಂಡು ಜೀರುಂಡೆಗೆ ಒಪ್ಪಿಕೊಂಡರು ಅನ್ನಿಸುತ್ತದೆ. ಇದನ್ನು ಶಾರದೆ ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.

ಇಂಥ ಕಿವಿಯವನಿಗೆ ಒಮ್ಮೆ ಇನ್ನೊಬ್ಬರ ನಿದ್ದೆಯ ಜವಾಬ್ದಾರಿ ಬಂತು. ಮನೆಮನೆಗೆ ಮೊಬೈಲು ಬರುವುದಕ್ಕೆ ಮುಂಚಿನ ಮಾತು. ನಮ್ಮದು ಮುಳಬಾಗಿಲಿನ ಕಡೆಯ ಮನೆತನ. ಅಜ್ಜ ಪುರೋಹಿತರು, ಅಪ್ಪ ಲೆಕ್ಕ ಬರೆಯುವವರು. ಆ ಲೆಕ್ಕವೇ ನನ್ನನ್ನು ಶ್ರೀನಿವಾಸಪುರದ ಒಂದು ಸಹಕಾರ ಸಂಘದ ಕುರ್ಚಿಗೆ ತಂದು ಕೂರಿಸಿತ್ತು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರಿಂದ ತಂಗಿ ನಾಗವೇಣಿ ನಮ್ಮ ಜೊತೆಯಲ್ಲೇ ಇದ್ದಳು. ಯಲ್ದೂರಿನ ಶಾಲೆಯಲ್ಲಿ ಟೀಚರು. ಅವಳ ಮದುವೆಯ ಮಾತು ಎರಡು ಮೂರು ಕಡೆ ಆಗಿ ಮುರಿದಿತ್ತು. ಒಂದು ಕಡೆ ಜಾತಕ ಕೂಡಲಿಲ್ಲ, ಇನ್ನೊಂದು ಕಡೆ ಜಾತಕ ಕೂಡಿದರೂ ಮನುಷ್ಯರು ಕೂಡಲಿಲ್ಲ. ಕೊನೆಗೆ ಮಾಲೂರಿನ ಸಂಬಂಧ ಗೊತ್ತಾಯಿತು. ಹುಡುಗ ಹೆಂಚಿನ ಫ್ಯಾಕ್ಟರಿಯ ಆಫೀಸಿನಲ್ಲಿದ್ದ. ನಾವು ಹಿರಿಯರೆಲ್ಲ ಹೋಗಿ ಮನೆ ನೋಡಿಕೊಂಡು, ಉಪ್ಪಿಟ್ಟು ತಿಂದು ಬಂದೆವು. ಜ್ಯೇಷ್ಠ ಮಾಸಕ್ಕೆ ಮುಹೂರ್ತ ಇಟ್ಟಾಯಿತು.

ಹುಡುಗನ ತಂದೆ ವೆಂಕಟರಮಣಯ್ಯನವರು ವರದಕ್ಷಿಣೆ ಬೇಡ ಅಂದರು. ಬೆಳ್ಳಿ ತಟ್ಟೆ, ಚೆಂಬು ಬೇಡ ಅಂದರು. ನಾವು ಆನಂದದಿಂದ ಕೈಮುಗಿಯುವಷ್ಟರಲ್ಲಿ, "ಒಂದೇ ಒಂದು ನೋಡಿ. ನನ್ನ ನಿದ್ದೆ ಬಹಳ ಸೂಕ್ಷ್ಮ. ಬಿಡದಿ ಮಾತ್ರ ಸದ್ದುಗದ್ದಲ ಇಲ್ದಿರೋ ಕಡೆ ಮಾಡ್ಬಿಡಿ" ಅಂದರು. ಬಿಡದಿ ಅಂದರೆ ಗೊತ್ತಲ್ಲ, ಗಂಡಿನ ಕಡೆಯವರು ಮದುವೆಯ ಹಿಂದಿನ ದಿನ ಬಂದು ಇಳಿದುಕೊಳ್ಳುವ ಜಾಗ. ಕೇಳಿದ್ದು ಒಂದೇ ಆದರೆ ಅದನ್ನು ತಪ್ಪಿಸುವ ಹಾಗೇ ಇಲ್ಲ. ಹತ್ತು ಕೇಳಿದ್ದರೆ ಎಂಟು ಮಾಡಿ ಎರಡು ಮರೆಯಬಹುದಿತ್ತು.

ಬಿಡದಿಯಲ್ಲಿ ಆದ ತಪ್ಪು ಬಿಡದಿಯಲ್ಲೇ ಮುಗಿಯುವುದಿಲ್ಲ. ಆವನಿಯ ನಮ್ಮ ದೊಡ್ಡಪ್ಪನ ಮಗಳ ಮದುವೆಯಲ್ಲಿ ಬೀಗರಿಗೆ ಕೊಟ್ಟ ಹಾಸಿಗೆಯಲ್ಲಿ ತಿಗಣೆ ಇತ್ತು. ಅಕ್ಕನಿಗೆ ಈಗ ಮೊಮ್ಮಕ್ಕಳಿದ್ದಾರೆ. ಇವತ್ತಿಗೂ ಅವಳ ಸಾರಿನಲ್ಲಿ ಉಪ್ಪು ಒಂದು ಹರಳು ಜಾಸ್ತಿಯಾದರೆ, "ತಿಗಣೆ ಹಾಸಿಗೆ ಮನೆಯವಳಲ್ವಾ" ಎಂಬ ಮಾತು ಬರುತ್ತದೆ. ಹಾಸಿಗೆ ಹಾಕಿದ್ದು ದೊಡ್ಡಪ್ಪ, ಕಚ್ಚಿದ್ದು ತಿಗಣೆ, ಅನುಭವಿಸುತ್ತಿರುವುದು ಅಕ್ಕ. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಆದ್ದರಿಂದ ಮಾಘ ಮಾಸದಲ್ಲೇ ಜಾಗ ಹುಡುಕಿ ಹೊರಟೆ. ಊರಂಚಿನಲ್ಲಿ ರೆಡ್ಡಪ್ಪ ಅನ್ನುವವರ ಲಾಡ್ಜು ಸಿಕ್ಕಿತು. ಮಹಡಿಯ ರೂಮಿನ ಕಿಟಕಿ ತೆರೆದೆ. ಎದುರಿಗೆ ವಿಶಾಲವಾದ ಬಯಲು, ಅಲ್ಲಿ ಮೆಲುಕು ಹಾಕುತ್ತ ಮಲಗಿದ ಹಸುಗಳು, ಬೇವಿನ ಮರದಲ್ಲಿ ಒಂದು ಕಾಗೆ, ಅದೂ ಮಾತಾಡದ ಕಾಗೆ. ಕಿವಿಯನ್ನು ಆಚೆ ಚಾಚಿಕೊಂಡು ತುಂಬ ಹೊತ್ತು ನಿಂತೆ. ಬಯಲಿನ ಕಡೆಯ ರೂಮುಗಳೇ ಬೇಕು ಎಂದು ಹಟಮಾಡಿ ಮುಂಗಡ ಕೊಟ್ಟೆ. ಮೇಜಿನ ಹಿಂದೆ 'ಕೊಟ್ಟ ಮುಂಗಡ ಯಾವ ಕಾರಣಕ್ಕೂ ವಾಪಸ್ಸು ಕೊಡಲಾಗುವುದಿಲ್ಲ' ಎಂಬ ಬೋರ್ಡಿತ್ತು. ಇಂಥ ಸ್ವರ್ಗದ ಮುಂಗಡವನ್ನು ಯಾವ ಪಾಪಿ ವಾಪಸು ಕೇಳುತ್ತಾನೆ ಅಂದುಕೊಂಡೆ.

ಆ ಬಯಲು ಮಾವಿನ ಮಂಡಿ.

ನೀವು ನಗುತ್ತಿದ್ದೀರಿ. ಶ್ರೀನಿವಾಸಪುರದಲ್ಲಿ ವಾಸವಾಗಿದ್ದುಕೊಂಡು, ಮಾವಿನ ಬೆಳೆಗಾರರ ಲೆಕ್ಕ ಬರೆದು ಸಂಬಳ ತಿನ್ನುವವನು, ಜ್ಯೇಷ್ಠ ಮಾಸದಲ್ಲಿ ಮಾವಿನ ಮಂಡಿಯ ಎದುರು ನಿಶ್ಶಬ್ದವನ್ನು ಬುಕ್ ಮಾಡಿದ್ದೆ. ಹೊರಗಿನವನಾಗಿದ್ದರೆ ನಾಲ್ಕು ಜನರನ್ನು ವಿಚಾರಿಸುತ್ತಿದ್ದೆ. ಊರಿನವನಾದ್ದರಿಂದ ಎಲ್ಲ ಗೊತ್ತು ಅಂದುಕೊಂಡು ಮೋಸಹೋದೆ. ಮನೆ ಊರಿನ ಇನ್ನೊಂದು ತುದಿಯಲ್ಲಿದ್ದದ್ದರಿಂದ ಮಾವಿನ ಹಣ್ಣು ನಮ್ಮ ಬೀದಿಗೆ ಬುಟ್ಟಿಯಲ್ಲಿ ಬರುತ್ತಿತ್ತು. ಲಾರಿಯಲ್ಲಿ ಬರುವುದನ್ನು ಯೋಚಿಸಿರಲಿಲ್ಲ. ವೈಶಾಖದಲ್ಲಿ ಒಂದು ಸಂಜೆ ಆ ಕಡೆ ಹೋದಾಗ ಬಯಲಿನಲ್ಲಿ ತೆಂಗಿನ ಗರಿಯ ಚಪ್ಪರಗಳು ಎದ್ದಿದ್ದವು. ಹಸುಗಳು ಇರಲಿಲ್ಲ. ಸುಗ್ಗಿ ಬಂದರೆ ಅಲ್ಲಿ ಬೆಳಗಿನವರೆಗೂ ಲಾರಿ ತುಂಬುತ್ತಾರೆ. ಹಲಗೆಯ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಾರೆ. ಎಣಿಸುವವರು ಒಂದು ಅನ್ನುವ ಬದಲು 'ಲಾಭಂ' ಎಂದು ಶುರುಮಾಡಿ ತೆಲುಗಿನಲ್ಲಿ ರಾಗವಾಗಿ ಎಣಿಸುತ್ತಾರೆ. ಡ್ರೈವರುಗಳು ಹಾರನ್ನಿನಲ್ಲೇ ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆ.

ಅಲ್ಲಿಂದಲೇ ರೆಡ್ಡಪ್ಪನವರ ಮೇಜಿನ ಮುಂದೆ ಹೋಗಿ ನಿಂತೆ. ರೂಮು ಬೇಡ, ಮುಂಗಡ ವಾಪಸು ಕೊಡಿ, ಬೇರೆ ಕಡೆ ನೋಡಿಕೊಳ್ಳುತ್ತೇನೆ ಅಂದೆ.

"ಯಾಕ್ ಸಾರ್? ರೂಮು ಕ್ಲೀನಾಗಿಲ್ವಾ?"

"ಕ್ಲೀನಾಗಿದೆ. ರಾತ್ರಿ ಗಲಾಟೆ."

ಅವರು ಕಿವಿಗೆ ಕೈ ಆನಿಸಿಕೊಂಡು ನಾಟಕದವರ ಹಾಗೆ ಆಲಿಸಿದರು. "ಎಲ್ಲಿದೆ ಸಾರ್ ಗಲಾಟೆ? ಚೂಡಂಡಿ, ನೀವೇ ನೋಡಿ, ನೊಣ ಹಾರಿದ್ರೂ ಕೇಳುತ್ತೆ."

"ಈಗಿಲ್ಲ, ಆಗುತ್ತೆ."

"ಆಗ್ಲಿ ಬಿಡಿ. ಆದ್ಮೇಲೆ ಬನ್ನಿ, ಮಾತಾಡೋಣ. ಇನ್ನೂ ಆಗ್ದೇ ಇರೋ ಗಲಾಟೆಗೆ ದುಡ್ಡು ವಾಪಸ್ ಕೊಡೋಕೆ ನಾನೇನು ಜ್ಯೋತಿಷ್ಯದ ಅಂಗಡಿ ಇಟ್ಟಿದೀನಾ? ಅಲ್ಲ ಸಾಮೀ, ಬೊಂಬಾಯಿಯೋರು ಬಂದು ಕೇಳಿದ್ರೆ ಸರಿ. ಈ ಊರಾಗಿದ್ದು ನಿಮಗೆ ಮಾವಿನ್ಕಾಯಿ ಸೀಸನ್ನು ಗೊತ್ತಿಲ್ವಾ?"

ಮಾತೇನೋ ನಿಜ. ಆದರೂ ವಾದ ಬಿಡಲಿಲ್ಲ. ತರ್ಕಶಾಸ್ತ್ರ ಓದಿದ್ದ ನಮ್ಮಜ್ಜ ನನಗೆ ಎಳೆವಯಸ್ಸಿನಲ್ಲೇ ಹೇಳಿಕೊಟ್ಟಿದ್ದರು, ಕಣ್ಣಿಗೆ ಕಂಡದ್ದು ಮಾತ್ರವೇ ಪ್ರಮಾಣವಲ್ಲ, ಅನುಮಾನವೂ ಪ್ರಮಾಣವೇ ಎಂದು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯಬೇಕು. ಹಾಗೆಯೇ ಎಲ್ಲೆಲ್ಲಿ ಮಾವೋ ಅಲ್ಲಲ್ಲಿ ಲಾರಿ, ಎಲ್ಲೆಲ್ಲಿ ಲಾರಿಯೋ ಅಲ್ಲಲ್ಲಿ ಹಾರನ್ನು. ಇಷ್ಟು ಗಟ್ಟಿಯಾದ ಸಿದ್ಧಾಂತ ರೆಡ್ಡಪ್ಪನವರ ಮುಂದೆ ನಡೆಯಲಿಲ್ಲ. ಅವರು ಅಪ್ಪಟ ಚಾರ್ವಾಕರು, ಪ್ರತ್ಯಕ್ಷ ಬಿಟ್ಟು ಬೇರೆ ಯಾವುದನ್ನೂ ಒಪ್ಪುವವರಲ್ಲ. ಮುಂದಿನ ವಾರ ಹೋದೆ, ಅದರ ಮುಂದಿನ ವಾರವೂ ಹೋದೆ. ಹಿಂದುಗಡೆಯ ರೂಮು ಕೊಡುತ್ತೇನೆ ಅಂದರು. ಹೋಗಿ ನೋಡಿದರೆ ಕಿಟಕಿಯ ಕೆಳಗೇ ಪೆಟ್ಟಿಗೆ ಮಾಡುವ ಬಡಗಿಗಳು ಹಲಗೆ ಪೇರಿಸಿಕೊಂಡಿದ್ದರು. ಕೊನೆಗೆ ರೆಡ್ಡಪ್ಪನವರು ಮರುಕದಿಂದ, "ಬೀಗರ ಕಿವಿಗೆ ಹತ್ತಿ ಕೊಡ್ತೀನಿ ಸಾರ್, ಅದಕ್ಕೆ ಚಾರ್ಜ್ ಇಲ್ಲ" ಅಂದರು.

ಆ ಮುಂಗಡ ಬರದೆ ಬೇರೆ ಜಾಗ ಹಿಡಿಯುವ ಶಕ್ತಿ ನನಗಿರಲಿಲ್ಲ. ಇದ್ದರೂ ಮದುವೆಯ ಕಾಲದಲ್ಲಿ ಊರಿನಲ್ಲಿ ಬೇರೆ ಜಾಗವಿರಲಿಲ್ಲ. ಊಟ ಸೇರದಾಯಿತು. ಶಾರದೆ ಅನ್ನ ಬಡಿಸಿದರೆ ನಾನು ಹಾರನ್ನಿನ ಮಾತು ತೆಗೆಯುತ್ತಿದ್ದೆ. ನಿದ್ದೆಗೆಟ್ಟ ವೆಂಕಟರಮಣಯ್ಯನವರು ಮುಹೂರ್ತದ ಹೊತ್ತಿಗೆ ಕೆಂಪು ಕಣ್ಣು ಬಿಟ್ಟುಕೊಂಡು ಮಂಟಪಕ್ಕೆ ಬರುವುದು, ಎಲ್ಲರ ಮುಂದೆ ಸಿಡಿಯುವುದು, ಮುಂದೆ ನಾಗವೇಣಿ ಆ ಮನೆಯಲ್ಲಿ ಬದುಕಿರುವವರೆಗೂ 'ಲಾರಿ ಬಿಡದಿಯವಳು' ಅನ್ನಿಸಿಕೊಳ್ಳುವುದು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಮದುಮಗಳು ಮಾತ್ರ ನಿಶ್ಚಿತಾರ್ಥವಾದಾಗಿನಿಂದ ಮಾತು ಕಮ್ಮಿ ಮಾಡಿದ್ದಳು. ಹುಡುಗಿಯರಿಗೆ ನಾಚಿಕೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಒಂದು ಶನಿವಾರ ನಾಗವೇಣಿ ತೊಕ್ಕಿಗೆ ಮಾವಿನಕಾಯಿ ತುರಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತ, ಕಿಟಕಿಗಳಿಗೆ ಗೋಣಿ ಹೊಡೆಸಿದರೆ ಹೇಗೆ ಎಂದು ಶಾರದೆಯನ್ನು ಕೇಳುತ್ತಿದ್ದೆ. ತುರಿಯುವ ಸದ್ದು ನಿಂತಿತು.

"ಅಣ್ಣಾ, ಅವ್ರಿಗೆ ಒಂದು ರಾತ್ರಿ ಕಣೋ" ಅಂದಳು. "ನಾನು ಸಾಯೋವರೆಗೂ ಆ ಮನೇಲಿ ಮಲಗ್ಬೇಕು. ಆ ಮನೇಲಿ ಎಷ್ಟು ಗಲಾಟೆ ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ? ಆ ಲಾಡ್ಜಿಗೆ ಎಷ್ಟ್ ಸಲ ಹೋಗ್ಬಂದೆ! ಮಾಲೂರಿಗೆ ಒಂದ್ಸಲ ಹೋಗಿ ಉಪ್ಪಿಟ್ಟು ತಿಂದ್ಕೊಂಡು ಬಂದೆ. ನಂದೂ ಆ ಮುಂಗಡದ ಹಾಗೇ, ವಾಪಸ್ ಇಲ್ಲ ತಾನೇ?"

ಜೋರಾಗಿಯೇನೂ ಹೇಳಲಿಲ್ಲ. ಹೇಳಿ ಮತ್ತೆ ತುರಿಯುವುದಕ್ಕೆ ಶುರುಮಾಡಿದಳು. ಶಾರದೆ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ಮನೆ ನೋಡಲು ಹೋದಾಗ ಬಾವಿ ನೋಡಿದ್ದೆವು, ಬಾಗಿಲಿನ ಮರ ತೇಗವೋ ಬೇವೋ ಎಂದು ತಟ್ಟಿ ನೋಡಿದ್ದೆವು. ಎಲ್ಲರೂ ಅಂಗಿಗೆ ಇಸ್ತ್ರಿ ಹಾಕಿಕೊಂಡು ನಗುನಗುತ್ತ ಕೂತಿದ್ದ ಒಂದು ಗಳಿಗೆಯನ್ನು ನೋಡಿ ಆ ಮನೆ ಶಾಂತವಾಗಿದೆ ಎಂದು ತೀರ್ಮಾನಿಸಿ ಬಂದಿದ್ದೆ. ಮಾಘ ಮಾಸದ ಮಂಡಿಯನ್ನು ನೋಡಿದ ಹಾಗೇ ಆಯಿತು ಇದೂ.

ಮಾರನೆಯ ದಿನ ಭಾನುವಾರ. ಎಷ್ಟು ಜನ ಬರುತ್ತಾರೆ ಎಂದು ಕೇಳುವ ನೆಪ ಮಾಡಿಕೊಂಡು, ಹೇಳದೆ ಕೇಳದೆ ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮಾಲೂರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಮನೆಯಲ್ಲಿ ಏನಾದರೂ ಕಂಡರೆ, ಕೇಳಿದರೆ ಏನು ಮಾಡುವುದು? ಲಗ್ನಪತ್ರಿಕೆ ಹಂಚಿಯಾಗಿತ್ತು. ಅದಕ್ಕಿಂತ, ಕೇಳಿದ್ದನ್ನು ತಂಗಿಗೆ ಹೇಳುವ ಧೈರ್ಯ ನನಗಿದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ.

ಊಟದ ನಂತರದ ಹೊತ್ತು. ವೆಂಕಟರಮಣಯ್ಯನವರು ಪಡಸಾಲೆಯ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಅವರ ಹೆಂಡತಿ ನನ್ನನ್ನು ನೋಡಿ ಗಾಬರಿಯಾಗಿ, ಸನ್ನೆಯಲ್ಲೇ ಕೂರಿಸಿ ನೀರು ಕೊಟ್ಟರು. ಭಾನುವಾರವಾದರೂ ಹುಡುಗ ಫ್ಯಾಕ್ಟರಿಗೆ ಹೋಗಿದ್ದ. ಅಡುಗೆಮನೆಯಲ್ಲಿ ಹಿರಿಯ ಸೊಸೆ ಕೆಲಸ ಮಾಡುತ್ತಿದ್ದಳು. ಬಾಣಂತನಕ್ಕೆ ತವರಿಗೆ ಹೋಗಿದ್ದವಳು ಆಗಷ್ಟೇ ಬಂದಿದ್ದಳಂತೆ, ನಿಶ್ಚಿತಾರ್ಥದಲ್ಲಿ ಅವಳನ್ನು ನೋಡಿರಲಿಲ್ಲ. ಮನೆಯ ಹಿಂದೆಯೇ ರೈಲು ಹಳಿ, ಮೊದಲ ಸಲ ಬಂದಾಗ ನಾನು ಗಮನಿಸಿರಲಿಲ್ಲ. ಒಂದು ಗೂಡ್ಸ್ ರೈಲು ಬಂದು ಗೋಡೆಯ ಫೋಟೋಗಳನ್ನೆಲ್ಲ ಕುಣಿಸಿಕೊಂಡು ಹೋಯಿತು. ವೆಂಕಟರಮಣಯ್ಯನವರು ಕದಲಲಿಲ್ಲ. ಸೂಕ್ಷ್ಮ ನಿದ್ದೆ ಎಂಬುದೆಲ್ಲ ಸುಳ್ಳಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಧಡಾರ್ ಎಂದು ಏನೋ ಬಿತ್ತು. ದೊಡ್ಡ ಹಿತ್ತಾಳೆಯ ಪಾತ್ರೆ, ಬಿದ್ದು, ಉರುಳಿ, ನೆಲವನ್ನೆಲ್ಲ ಸುತ್ತಿ, ಇನ್ನೇನು ನಿಂತಿತು ಅನ್ನುವಾಗ ಮತ್ತೊಂದು ಸುತ್ತು ಹಾಕಿತು. ವೆಂಕಟರಮಣಯ್ಯನವರು ಬೆಚ್ಚಿ ಎದ್ದು ಕೂತರು. ಕಣ್ಣು ಕೆಂಪಗಿದ್ದವು. ನಾನು ದಿನಗಟ್ಟಲೆ ಹೆದರಿಕೊಂಡಿದ್ದ ಕಣ್ಣುಗಳೇ ಅವು. ಅವರು ಇನ್ನೂ ನನ್ನನ್ನು ನೋಡಿರಲಿಲ್ಲ. ಮುಂದೆ ಬರಲಿರುವ ಸದ್ದಿಗಾಗಿ ನಾನು ಮೈಯೆಲ್ಲ ಬಿಗಿಹಿಡಿದು ಕೂತೆ.

"ಕಾಲ್ ಮೇಲೆ ಬಿತ್ತೇನಮ್ಮಾ?" ಎಂದು ಅವರು ಒಳಗೆ ಕೇಳಿದರು.

"ಇಲ್ಲ ಮಾವ, ಪಕ್ಕಕ್ಕೆ ಬಿತ್ತು" ಎಂದು ಒಳಗಿನಿಂದ ಉತ್ತರ ಬಂತು. ಆ ದನಿಯಲ್ಲಿ ಹೆದರಿಕೆಯಿರಲಿಲ್ಲ. ನಾನು ಅದನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಕಾಫಿ ಕುಡಿಯುತ್ತ, ಲಾಡ್ಜಿನ ವಿಷಯವನ್ನೆಲ್ಲ ಅವರ ಮುಂದೆ ಹೇಳಿಬಿಟ್ಟೆ. ಅವರು ಪರವಾಗಿಲ್ಲ ಎಂದು ಉಪಚಾರಕ್ಕೂ ಹೇಳಲಿಲ್ಲ. "ಅಯ್ಯೋ, ನನಗೆ ನಿದ್ದೆ ಬರಲ್ವಲ್ಲ ಹಾಗಾದ್ರೆ! ರೈಲಾದ್ರೆ ಸರಿ, ಅಭ್ಯಾಸ" ಎಂದು ಪೇಚಾಡಿದರು. ಬಿಡದಿಯ ರಾತ್ರಿ ನಿಜವಾಗಿಯೂ ಬರಲಿಲ್ಲ. ಮದುವೆಯ ದಿನ ಧಾರೆಯ ಹೊತ್ತಿನಲ್ಲಿ ತೂಕಡಿಸಿದರು. ರೆಡ್ಡಪ್ಪನವರು ಮುಂಗಡ ಕೊಡಲಿಲ್ಲ, ಆದರೆ ಬೀಗರ ರೂಮಿಗೆ ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣು ಕಳಿಸಿದರು. ಅದರ ಮೇಲೆ ಹತ್ತಿಯೂ ಇತ್ತು.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಭಾನುವಾರ ಸಂಜೆಯ ಮಾತು. ಮನೆಗೆ ಬಂದವನೇ ನಾಗವೇಣಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ರೈಲು, ಪಾತ್ರೆ, ಕೆಂಪು ಕಣ್ಣು, ಅವರು ಕೇಳಿದ ಮಾತು. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ, "ಅವ್ರ ಹೆಸ್ರೇನು?" ಅಂದಳು.

"ಯಾರದು?"

"ಪಾತ್ರೆ ಬೀಳಿಸಿದ್ರಲ್ಲ, ಆ ಅಕ್ಕಂದು."

ನಾನು ಕೇಳಿರಲಿಲ್ಲ. ಹಾಗೆಂದೆ. ನಾಗವೇಣಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

"ಅಷ್ಟ್ ದೂರ ಹೋಗಿ ಅದನ್ನೂ ಕೇಳ್ಕೊಂಡ್ ಬರ್ಲಿಲ್ವಾ? ಹೋಗ್ಲಿ ಬಿಡು" ಅಂದಳು. "ನಾನೇ ಕೇಳ್ಕೋತೀನಿ."