ಕಿವಿ ಯಂತ್ರದ ಅಧ್ಯಕ್ಷರು

ತಿಪಟೂರಿನ ನಮ್ಮ ಸೇವಾ ಕ್ಲಬ್ಬಿಗೆ ವರ್ಷಕ್ಕೊಬ್ಬರು ಅಧ್ಯಕ್ಷರಾಗುತ್ತಾರೆ. ಕೊಬ್ಬರಿ ವ್ಯಾಪಾರಿ ತೋಂಟದಾರ್ಯನವರು ಮಾತ್ರ ಯಾವ ವರ್ಷವೂ ಮಾಜಿಯಾಗುವುದಿಲ್ಲ. ಗುರುವಾರದ ಸಭೆಯಲ್ಲಿ ಅವರು ಗಂಟೆ ಬಾರಿಸಿದರೆ ಕೆಳಗಿನ ಹೋಟೆಲಿನವರೂ ಎದ್ದು ನಿಲ್ಲುತ್ತಾರೆ. ಯಾರು ಏನು ಆಕ್ಷೇಪಿಸಿದರೂ "ಪಾಸಾಯ್ತು ಬುಡ್ರಿ" ಎಂದು ಊಟಕ್ಕೆ ಏಳುತ್ತಾರೆ. ಒಂದೇ ಕಂಬಳಿ ಕೊಟ್ಟರೂ ಫೋಟೊದಲ್ಲಿ ಅದಕ್ಕೆ ಹತ್ತು ಕೈ ಅಂಟಿರಬೇಕು. ಪಡೆಯುವ ಮುದುಕಿ ಕಾಣದಿದ್ದರೂ ಬ್ಯಾನರ್ ಕಾಣಬೇಕು. ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಿವಿ ಯಂತ್ರ ಹಂಚುವ ಶಿಬಿರ. ಈ ಸಲ ಹುಳಿಯಾರಿನ ಕಡೆಯಿಂದ ಬಂದ ಕುರಿ ಸಾಕುವ ಕರಿಯಕ್ಕ ಯಂತ್ರ ಹಾಕಿಕೊಳ್ಳಲು ನಾಚಿದಾಗ, "ಕಿವಿ ಮಂದ ಆದ್ರೆ ಮಾನ ಹೋಯ್ತದೇನವ್ವ?" ಎಂದು ಗದರಿದರು. "ಆಗ್ಲಿಂದ ನೀರೆಲ್ಲೈತೆ ಅಂತ ಕೇಳ್ತಾವ್ನಿ, ನೀನು ಊಟ ಆಯ್ತು ಅಂತೀಯ. ನೀನೂ ಒಂದು ಹಾಕ್ಕಳಪ್ಪ" ಎಂದಳಾಕೆ. ಅವರು ಕ್ಯಾಮೆರಾದತ್ತ ನಕ್ಕರು. ಅವರು ಯಂತ್ರ ಹಾಕಿಕೊಳ್ಳುವುದಾದರೂ ಹೇಗೆ? ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿಯ ಸದ್ದು ಕೇಳಿ ಬೆಲೆ ಹೇಳುವ ವ್ಯಾಪಾರ ಅವರದು. ಆ ಕಿವಿಯಲ್ಲಿ ಯಂತ್ರ ಕಂಡರೆ ಯಾವ ರೈತ ಅವರ ಮಾತು ನಂಬುತ್ತಾನೆ? ಹಾಗಾಗಿ ಈಚೆಗೆ ಬಿಳಿಗೆರೆಯ ತೋಟಗಳಿಗೆ ಹೆಂಡತಿ ಸರ್ವಮಂಗಳಮ್ಮನೂ ಜೊತೆಗೆ ಹೋಗುತ್ತಾರೆ. ತೋಂಟದಾರ್ಯನವರು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ಆಮೇಲೆ ಸುಮ್ಮನೆ ಹೆಂಡತಿಯ ಕಡೆ ನೋಡುತ್ತಾರೆ. ಆಕೆ ಸೆರಗು ಸರಿಪಡಿಸಿಕೊಂಡರೆ, "ಒಣಗೈತೆ ಕಣಪ್ಪ" ಎನ್ನುತ್ತಾರೆ.