ಏರು ಹತ್ತುವಾಗ ಬಿಟ್ಟ ಹನಿಗಳು

ಮಣಿಪಾಲದ ಆಸ್ಪತ್ರೆಯಲ್ಲಿ ನನಗೆ ಡ್ರಿಪ್ ಹಾಕಿದ್ದಾರೆ. ಹನಿ ಬೀಳುವುದನ್ನೇ ನೋಡುತ್ತ ಮಲಗಿದ್ದವಳು ಮನಸ್ಸಿನಲ್ಲೇ ಅಪ್ಪನ ಹಳೆಯ ಬಾಡಿಗೆ ಕಾರು ಹತ್ತಿಬಿಟ್ಟೆ.

ಜನ ತುಂಬಿಸಿಕೊಂಡು ಇದೇ ಮಣಿಪಾಲದ ಏರು ಹತ್ತುವಾಗ ಅದರ ಇಂಜಿನ್ ಟಕಟಕ ಬಡಿದುಕೊಳ್ಳುತ್ತಿತ್ತು. ಪೆಟ್ರೋಲಿನ ಜೊತೆ ನಾಲ್ಕು ಹನಿ ನೀರು ಹೋದರೆ ಒಳಗಿನ ಬಿಸಿ ಇಳಿದು ಇಂಜಿನ್ ಚೆನ್ನಾಗಿ ಎಳೆಯುತ್ತದೆ ಎಂದು ಅಪ್ಪ ಕಂಡುಕೊಂಡಿದ್ದರು. ಇಂಥದ್ದೇ ಒಂದು ಡ್ರಿಪ್ ಬಾಟಲಿಯನ್ನು ಕಿಟಕಿಯ ಬಳಿ ನೇತುಹಾಕಿ, ಅದರ ನಳಿಕೆಯನ್ನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಸೇರಿಸಿದ್ದರು. ಟ್ಯಾಕ್ಸಿ ಸ್ಟ್ಯಾಂಡಿನ ಉಳಿದ ಡ್ರೈವರುಗಳು, “ಕಾರಿಗೆ ಎಂತ, ಜ್ವರವಾ ಮಾರಾಯ?” ಎಂದು ನಗುತ್ತಿದ್ದರು. ಅಪ್ಪ ಅವರ ಜೊತೆ ಚಹಾಕ್ಕೆ ಹೋಗುವುದನ್ನೇ ಬಿಟ್ಟರು.

ಮುಂದಿನ ಸೀಟಿನಲ್ಲಿ ಕೂತು ಹನಿ ಬಿಡಲು, ನಿಲ್ಲಿಸಲು ನಳಿಕೆಯ ಪುಟ್ಟ ಚಕ್ರ ತಿರುಗಿಸುವುದು ನನ್ನ ಕೆಲಸ. ಅಪ್ಪ ತಲೆ ವಾಲಿಸಿ ಇಂಜಿನ್ನಿಗೆ ಕಿವಿಗೊಟ್ಟು, “ಈಗ ಬಿಡು ಮಗಾ” ಎನ್ನುತ್ತಿದ್ದರು. ಬಿಟ್ಟರೆ ಬಡಿತ ನಿಲ್ಲುತ್ತಿತ್ತು. “ಕೇಳಿತಲ್ವಾ?” ಎಂದು ನನ್ನ ಮುಖ ನೋಡುತ್ತಿದ್ದರು. ಹೇಳಿಕೊಳ್ಳಲು ಅವರಿಗೆ ಬೇರೆ ಯಾರಿದ್ದರು?

ಈಗಷ್ಟೇ ನರ್ಸ್ ಬಂದು, “ಜೊತೆಗೆ ಯಾರೂ ಇಲ್ವಾ?” ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನ್ನ ಡ್ರಿಪ್ಪಿನ ಚಕ್ರ ತಿರುಗಿಸಿ ಹೋದಳು. ನಾನು ತಲೆ ವಾಲಿಸಿ ಕಿವಿಗೊಟ್ಟೆ. ಹನಿಗೆ ಸದ್ದೇ ಇಲ್ಲ.