ರೇಷ್ಮೆಯಲ್ಲಿ ಸುತ್ತಿ ತಂದ ಚಿಪ್ಪು

ರಾಮನಗರದಲ್ಲಿ ಮುನಿಶಾಮಯ್ಯನವರ ರೇಷ್ಮೆ ಹುರಿ ಮಾಡುವ ಶೆಡ್ಡಿನ ಹಿಂಗೋಣೆಯಲ್ಲಿ ಹದಿನೆಂಟು ವರ್ಷದ ಹಳೇ ಕಂಪ್ಯೂಟರೊಂದಿತ್ತು. ಸೀರೆ ಅಂಚಿನ ಚಿತ್ತಾರವನ್ನು ಮಗ್ಗಕ್ಕೆ ಹೇಳಿಕೊಡುವ ರಟ್ಟುಗಳಿಗೆ ತೂತು ಹೊಡೆಯುವ ಮಿಷನ್ನು ಅದರ ಮಾತಿನಂತೆ ನಡೆಯುತ್ತಿತ್ತು. ಹದಿಮೂರು ವರ್ಷದಿಂದ ಅದರ ಮುಂದೆ ಕೂರುತ್ತಿದ್ದವಳು ಲತಾಮಣಿ. ಏಳನೇ ಕ್ಲಾಸಿಗೇ ಓದು ಬಿಟ್ಟವಳು. ರಿಪೇರಿಗೆ ಬಂದವರ ಪಕ್ಕ ನಿಂತು, ಕೇಳಿ ಕೇಳಿ, ಅದರ ಹೊಟ್ಟೆಯೊಳಗೆ ಏನೇನಿದೆಯೆಂದು ತಿಳಿದುಕೊಂಡಿದ್ದಳು.

2004ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅದು ಪರದೆಯ ಮೇಲೊಂದು ನಂಬರು ತೋರಿಸಿ ನಿಂತುಬಿಟ್ಟಿತು. ಮೆಮೊರಿ ಚಿಪ್ಪೊಂದು ಸತ್ತಿದೆಯೆಂದು ಆ ನಂಬರಿನ ಅರ್ಥ. ಜಿರಳೆಯಂತೆ ಎರಡೂ ಕಡೆ ಕಾಲಿರುವ ಕರೀ ಬಿಲ್ಲೆ.

ಮಿಷನ್ನಿನ ಕಂಪನಿಯ ಇಂಜಿನಿಯರ್ ಬಂದು ನೋಡಿದ. "ಈ ಚಿಪ್ಪು ಈಗ ಯಾರೂ ಮಾಡಲ್ಲ ಸಾರ್. ಹೊಸ ಮಿಷನ್ನೇ ತಗೊಳ್ಳಿ. ನಡೆಸೋಕೆ ನಮ್ಮವರೇ ಬರ್ತಾರೆ."

ಮುನಿಶಾಮಯ್ಯ ಲತಾಮಣಿಯ ಮುಖ ನೋಡಲಿಲ್ಲ. "ಸೋಮವಾರದ ಗಂಟ ನೋಡೋವ ಕಣಮ್ಮ. ಆಮೇಲೆ ಇದು ಗುಜರಿಗೆ. ನೀನೂ ಬ್ಯಾರೆ ಕೆಲ್ಸ ನೋಡ್ಕೋಬೇಕಾಯ್ತದೆ."

"ಗುಜರಿಗೆ ಮೊದ್ಲು ನಾನೇ ಹೋಗ್ಬತ್ತೀನಿ ಬುಡಿ," ಎಂದಳು ಅವಳು.

ಚನ್ನಪಟ್ಟಣದ ತಾಜ್ ಪಾಷಾನ ಗುಜರಿ ಅಂಗಡಿಯಲ್ಲಿ ಎರಡು ದಿನ ರಾಶಿ ಕೆದಕಿದಳು.

"ಏನಕ್ಕಾ, ಬಂಗಾರ ಹುಡುಕ್ತೀರಾ?" ಎಂದ ಅವನು.

"ಬಂಗಾರ ಆಗಿದ್ರೆ ನೀನು ಬುಡ್ತಿದ್ದಾ?"

ಕೊನೆಗೂ ಸತ್ತ ಚಿಪ್ಪಿನಂಥವೇ ಎಂಟು ಚಿಪ್ಪಿದ್ದ ಹಳೇ ಕಂಪ್ಯೂಟರಿನ ಹಲಗೆ ಸಿಕ್ಕಿತು. ನಾಲ್ಕನ್ನು ಮೆಲ್ಲಗೆ ಎಬ್ಬಿಸಿಕೊಂಡಳು. ನಾಜೂಕಾದುದನ್ನೆಲ್ಲ, ಕನ್ನಡಕವಾಗಲಿ ಮಗುವಿನ ಓಲೆಯಾಗಲಿ, ಆ ಕೇರಿಯವರು ಹುರಿಯಲ್ಲಿ ಉಳಿದ ರೇಷ್ಮೆ ವೇಸ್ಟಿನಲ್ಲೇ ಸುತ್ತಿಡುವುದು. ಅವಳೂ ಹಾಗೇ ಸುತ್ತಿ ಡಬ್ಬಿಯಲ್ಲಿಟ್ಟು ತಂದಳು. ಒಂದೊಂದಾಗಿ ಹಾಕಿ ನೋಡಿದರೆ ನಾಲ್ಕಕ್ಕೂ ಪರದೆಯ ಮೇಲೆ ಅದೇ ನಂಬರು.

"ಗುಜರಿ ಮಾಲು ಗುಜರೀನೇ," ಎಂದು ಇಂಜಿನಿಯರ್ ನಕ್ಕ.

ನಾಲ್ಕೂ ಒಟ್ಟಿಗೆ ಹೇಗೆ ಸತ್ತಾವು? ಆ ರೇಷ್ಮೆಯನ್ನು ಎಸೆಯಹೋದಳು. ಅದು ಕೈಗಂಟಿಕೊಂಡು ಬಿಡಲೊಲ್ಲದು. ಹುರಿ ಮಿಷನ್ನಿನ ಬುಡಕ್ಕೆ ನೀರು ಚಿಮುಕಿಸುತ್ತಿದ್ದ ಕಾವೇರಮ್ಮ ನೋಡಿದಳು.

"ಒಣ ರೇಷ್ಮೆ ಅಂಗೇ ಕಣವ್ವ, ಮೈಯೆಲ್ಲ ಕರೆಂಟು. ಅದ್ಕೇ ಅಲ್ವಾ ದಿನಾ ನೆಲ ನೆನೆಸೋದು. ಇಲ್ದಿದ್ರೆ ಎಳೆಗೆ ಎಳೆ ಜುಟ್ಟು ಹಿಡ್ಕತವೆ."

ರಿಪೇರಿಗೆ ಬಂದವರೆಲ್ಲ ಚಿಪ್ಪು ಮುಟ್ಟುವ ಮೊದಲು ಕಬ್ಬಿಣ ಮುಟ್ಟುತ್ತಿದ್ದದ್ದು ಏಕೆಂದು ಲತಾಮಣಿಗೆ ಈಗ ಹೊಳೆಯಿತು: ಮೈಯ ಕರೆಂಟು ಕಬ್ಬಿಣಕ್ಕೆ ಇಳಿಯದಿದ್ದರೆ ಚಿಪ್ಪಿಗೆ ಹೊಡೆದು ಸುಡುತ್ತದೆ. ಜೋಪಾನ ಮಾಡಲು ಹೋಗಿ ಕೊಂದವಳು ತಾನೇ.

ಸೋಮವಾರ ಮೊದಲನೇ ಬಸ್ಸಿಗೇ ಚನ್ನಪಟ್ಟಣದಲ್ಲಿದ್ದಳು. "ಉಳಿದ ನಾಕೂ ಕೊಡು ಪಾಷಾ. ನಿನ್ ಸಿಗರೇಟ್ ಪ್ಯಾಕೂ ಕೊಡು."

"ಯಾವಾಗಿಂದ ಸೇದ್ತಿದೀರಕ್ಕ?"

"ಸೇದೋದು ನೀನು ಸೇದು. ಒಳಗಿನ ಬೆಳ್ಳಿ ಕಾಗ್ದ ನಂಗೆ."

ಕರೆಂಟು ಯಾವೊಂದು ಕಾಲಿಗೂ ಹೊಡೆಯದಂತೆ ಚಿಪ್ಪುಗಳ ಕಾಲನ್ನೆಲ್ಲ ಬೆಳ್ಳಿ ಕಾಗದದಲ್ಲಿ ಒತ್ತಿ ಸುತ್ತಿಕೊಂಡು ಬಂದಳು. ಅಷ್ಟರಲ್ಲಿ ಇಂಜಿನಿಯರ್ ಹೊಸ ಮಿಷನ್ನಿನ ಆರ್ಡರ್ ಕಾಗದವನ್ನು ಮೇಜಿನ ಮೇಲೆ ಹರಡಿದ್ದ, ಮುನಿಶಾಮಯ್ಯನವರ ಕೈಯಲ್ಲಿ ಪೆನ್ನಿತ್ತು. ಲತಾಮಣಿ ಯಾರನ್ನೂ ಕೇಳಲಿಲ್ಲ. ಕಬ್ಬಿಣ ಮುಟ್ಟಿದಳು, ಒಂದು ಚಿಪ್ಪು ಕೂರಿಸಿದಳು, ಸ್ವಿಚ್ ಹಾಕಿದಳು. ನಂಬರು ಬರಲಿಲ್ಲ. ಮಿಷನ್ನು ಟಕಟಕನೆ ರಟ್ಟು ಹೊಡೆಯತೊಡಗಿತು.

"ಎಷ್ಟು ದಿನ ಓಡುತ್ತೆ ಇದು?" ಎಂದ ಇಂಜಿನಿಯರ್.

"ನಿಮ್ಮ ಹೊಸದಕ್ಕೆ ಎಷ್ಟು ದಿನ ಗ್ಯಾರಂಟಿ?"

"ಒಂದು ವರ್ಷ."

"ಇದು ಹದಿನೆಂಟು ವರ್ಷ ಓಡೈತೆ. ಚಿಪ್ಪು ಇನ್ನೂ ಮೂರವೆ," ಎಂದಳು ಲತಾಮಣಿ. "ಆ ಕಾಗ್ದ ಒಸಿ ಎತ್ಕಳಿ ಸಾರ್. ರಟ್ಟು ಬೀಳೋ ಜಾಗ ಅದು."

ಮುನಿಶಾಮಯ್ಯ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.